ಹನ್ನೆರಡು ಅಂಕಣದ ಮನೆ

ಬೋರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಸೈಟ್ ಮಾರಾಟಕ್ಕಿದೆ. 22×75. ಪೂರ್ವ ದಿಕ್ಕು.’ ಕೆಳಗೊಂದು ಫೋನ್ ನಂಬರ್. ಅದನ್ನು ತಂತಿ ಸುತ್ತಿ ಬಿಗಿದಿದ್ದದ್ದು ಒಂದು ಮನೆಯ ಜಗಲಿ ಕಂಬಕ್ಕೆ.

ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿ ದೇವಸ್ಥಾನದ ಹತ್ತಿರದ ಒಂದು ಅಡ್ಡರಸ್ತೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿಂದ ಎರಡು ಬೀದಿ ಆಚೆಯ ವಠಾರದಲ್ಲಿ. ಆ ವಠಾರ ಕೆಡವಿ ಹದಿನೈದು ವರ್ಷವಾಯಿತು. ಹಾಗಾಗಿ ಆ ಬೀದಿಗಳಲ್ಲಿ ಓಡಾಡುವಾಗ ಯಾವ ಮನೆ ಇನ್ನೂ ಇದೆ, ಯಾವುದು ಹೋಯಿತು ಎಂದು ಲೆಕ್ಕ ಹಾಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. 2021ರ ಡಿಸೆಂಬರಿನಲ್ಲಿ ಆ ಬೋರ್ಡು ಕಂಡಾಗ ಮೊದಲು ಅನ್ನಿಸಿದ್ದು, ಇಲ್ಲಿ ಸೈಟ್ ಎಲ್ಲಿದೆ ಎಂದು. ಎದುರಿಗೆ ಕಾಣುತ್ತಿದ್ದದ್ದು ಎರಡು ಮರದ ಕಂಬ, ಅವುಗಳ ತಲೆಯ ಮೇಲೆ ಕೆತ್ತನೆಯ ಬೋದಿಗೆ, ಕಡಪಾ ಕಲ್ಲಿನ ಜಗಲಿ, ಹಿತ್ತಾಳೆ ಗುಬುಟಿನ ಬಾಗಿಲು.

ಒಳಗೆ ಅಜ್ಜಿಯೊಬ್ಬರು ಇದ್ದರು. ಎಂಬತ್ತು ದಾಟಿದವರು. ‘ಮನೆ ನೋಡೋಕೆ ಬಂದ್ಯೇನಮ್ಮ? ಎಲ್ಲರೂ ಟೇಪು ತಂದು ಉದ್ದ ಅಗಲ ಅಳೆದು ಹೋಗ್ತಾರೆ, ಒಳಗೆ ಬರೋದಿಲ್ಲ’ ಎಂದರು. ಪಡಸಾಲೆ ದಾಟಿದರೆ ತೊಟ್ಟಿ, ಮನೆಯ ನಡುವಿನ ತೆರೆದ ಅಂಗಳ. ಅದರ ಮೇಲೆ ಯಾವ ಕಾಲದಲ್ಲೋ ಹಸಿರು ಫೈಬರ್ ಶೀಟು ಹೊದಿಸಿದ್ದರು. ತೊಟ್ಟಿಯ ಸುತ್ತ ಮಂಗಳೂರು ಹೆಂಚಿನ ಇಳಿಜಾರು ಸೂರು, ಮುಂಭಾಗಕ್ಕೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದಲ್ಲಿ ಕಟ್ಟಿದ ಮದ್ರಾಸ್ ತಾರಸಿ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲಿನಲ್ಲಿ ಕಲ್ಲು ಚಪ್ಪಡಿ ಮುಚ್ಚಿದ ಬಾವಿ. ನಡುಮನೆಯ ಕಾವಿ ನೆಲ ಎಪ್ಪತ್ತೆಂಬತ್ತು ವರ್ಷ ಪಾದ ತಾಗಿ ಸವೆದು ಕನ್ನಡಿಯಂತಾಗಿತ್ತು. ಗೋಡೆಗಳು ಮಾತ್ರ ಮೊಣಕಾಲಿನಿಂದ ಸೊಂಟದವರೆಗೆ ಉಬ್ಬಿ, ಒಡೆದು, ಮುಟ್ಟಿದರೆ ಉದುರುತ್ತಿದ್ದವು.

ಬ್ರೋಕರ್ ಬಹಳ ನೇರವಾಗಿ ಮಾತಾಡಿದರು. ‘ಮೇಡಂ, ಕಟ್ಟಡ ಲೆಕ್ಕಕ್ಕೇ ಇಲ್ಲ. ಸೈಟ್ ಬೆಲೆ ಅಷ್ಟೇ. ಕೆಡವೋ ಖರ್ಚು ಬೇಕಾದ್ರೆ ರೇಟಲ್ಲಿ ಮುರಿಸಿಕೊಡ್ತೀನಿ.’ ಅವರದ್ದು ತಪ್ಪಲ್ಲ. ಮುಂದಿನ ಒಂದೂವರೆ ವರ್ಷ ಬ್ಯಾಂಕಿನವರು, ಅಂದಾಜು ಹಾಕುವವರು, ಮೊದಲು ಬಂದ ಎಂಜಿನಿಯರ್, ನೆಂಟರು ಎಲ್ಲರೂ ನನಗೆ ಹೇಳಿದ್ದು ಇದೇ ಮಾತನ್ನು. ಹಳೆಯ ಮನೆ ಕೊಳ್ಳುವುದೆಂದರೆ ಅಲ್ಲೊಂದು ಮನೆ ಇದೆ ಎಂದು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುತ್ತಾ ಹೋಗುವ ಕೆಲಸ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಭಯಪಟ್ಟರು. ಮೈಸೂರಿನವರಿಗೆ ಆ ಭಯಕ್ಕೆ ಕಾರಣವೂ ಇದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ‘ಸರ್ಕಾರದ ಕೈಲೇ ಆಗಿಲ್ಲ, ನಿನ್ನ ಕೈಲಾಗುತ್ತಾ?’ ಎಂದು ನನ್ನ ಅಣ್ಣ ಕೇಳಿದ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಕಟ್ಟಡದ ವಿಷಯ ಏನೂ ಗೊತ್ತಿಲ್ಲ. ಉತ್ತರ ನನ್ನಲ್ಲಿರಲಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ, ಹಳೆಯ ಕಟ್ಟಡಗಳ ಕೆಲಸ ಮಾಡಿ ಅನುಭವವಿರುವ ಒಬ್ಬ ಆರ್ಕಿಟೆಕ್ಟನ್ನು ಕರೆಸಿದೆವು. ಇದೊಂದು ಖರ್ಚನ್ನು ಯಾರೂ ಉಳಿಸಲು ಹೋಗಬಾರದು. ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಒಂದು ಟಾರ್ಚು, ಒಂದು ಉದ್ದನೆಯ ಸ್ಕ್ರೂಡ್ರೈವರ್, ಒಂದು ಸಣ್ಣ ಮರದ ಸುತ್ತಿಗೆ. ಏಣಿ ಹತ್ತಿ ಹದಿನಾಲ್ಕು ತೊಲೆಗಳನ್ನೂ ಒಂದೊಂದಾಗಿ ಬಡಿಯುತ್ತಾ ಬಂದರು. ನಡುವೆ ಬಡಿದರೆ ಟಣ್ ಟಣ್ ಎನ್ನುತ್ತಿದ್ದ ತೊಲೆ, ಗೋಡೆಯೊಳಗೆ ಸೇರುವ ತುದಿಯಲ್ಲಿ ಡಬ್ ಎನ್ನುತ್ತಿತ್ತು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಚಾಕು ಹೋದಂತೆ ಮೂರು ಇಂಚು ಒಳಹೋಯಿತು. ಅಜ್ಜಿ ಕೆಳಗೆ ನಿಂತು ನೋಡುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟ.

ಇಳಿದು ಬಂದ ಅವರು ಹೇಳಿದ್ದು ಬೇರೆಯೇ. ಹದಿನಾಲ್ಕರಲ್ಲಿ ನಾಲ್ಕು ತೊಲೆಗಳ ತುದಿ ಮಾತ್ರ ಹೋಗಿದೆ, ಅದೂ ಉತ್ತರದ ಗೋಡೆಯ ಕಡೆ. ಮರ ಗಟ್ಟಿ ತೇಗ. ಗೋಡೆ ಹದಿನೆಂಟು ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಎಲ್ಲೂ ಬಾಗಿಲ್ಲ. ಉತ್ತರದ ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ ಇತ್ತು. ಆ ಮನೆಯನ್ನು ಕೆಡವಿ ನಾಲ್ಕಂತಸ್ತು ಕಟ್ಟಿದಾಗ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಾರೆ. ಮಳೆ ನೀರು ನೇರವಾಗಿ ಆ ಸಂದಿಗೆ ಬಿದ್ದು ಈ ಗೋಡೆ ಕುಡಿಯುತ್ತಿದೆ. ‘ಮನೆಗೆ ಮುಪ್ಪು ಬಂದಿಲ್ಲ, ನೀರು ಬಂದಿದೆ. ನೀರಿನ ದಾರಿ ತಪ್ಪಿಸಿದರೆ ಉಳಿದದ್ದೆಲ್ಲ ದುರಸ್ತಿ ಕೆಲಸ’ ಎಂದರು. ಅಣ್ಣನಿಗೆ ಹೇಳಬೇಕಿದ್ದ ಉತ್ತರ ಅದು.

ಕಾಗದಪತ್ರದ ಕೆಲಸ ಎಂಟು ತಿಂಗಳು ಹಿಡಿಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳೆಯ ಮನೆಗಳು ಹೆಚ್ಚಾಗಿ ನೆಲಕ್ಕುರುಳುವುದು ಇಲ್ಲಿಯೇ. ಹಕ್ಕುದಾರರು ಹತ್ತಾರು ಮಂದಿಯಾಗಿ, ಯಾರೂ ದುರಸ್ತಿ ಮಾಡಿಸದೆ, ಕೊನೆಗೆ ಯಾರೋ ಬಿಲ್ಡರ್ ಎಲ್ಲರನ್ನೂ ಒಟ್ಟಿಗೆ ಸಮಾಧಾನಪಡಿಸಿ ಕೆಡವುತ್ತಾರೆ.

ಮೂಲಪತ್ರ 1938ರ ಕ್ರಯಪತ್ರ. ಅಜ್ಜಿಯ ಮಾವನವರು ಸ್ವಂತ ಸಂಪಾದನೆಯಿಂದ ಕೊಂಡದ್ದು. ಛಾಪಾ ಕಾಗದದ ಮೇಲೆ ಮೋಡಿ ಅಕ್ಷರದಂತೆ ಒಂದಕ್ಕೊಂದು ಕೂಡಿದ ಕನ್ನಡ ಬರಹ. ಅದರಲ್ಲಿ ಚದರಡಿ ಎಂಬ ಮಾತೇ ಇಲ್ಲ. ನಾಲ್ಕು ದಿಕ್ಕಿನ ಚಕ್ಕುಬಂದಿ, ಆಮೇಲೆ ‘ಮುಂಭಾಗ ತಾರಸಿ, ಹಿಂಭಾಗ ನಾಡಹೆಂಚಿನ ಹನ್ನೆರಡು ಅಂಕಣದ ಮನೆ’. ಅಂಕಣವೆಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಮನೆಯನ್ನು ಮನೆಯ ಲೆಕ್ಕದಲ್ಲೇ ಅಳೆದಿದ್ದರು! ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೊಳ್ಳಲು ಹೊರಟವರಿಗೆ ಹೇಳುತ್ತೇನೆ, ಇಂಥ ಪತ್ರವನ್ನು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಸರ್ವೆ ಮಾಡಿಸಿ, ಅಳತೆಯ ನಕ್ಷೆ ಮಾಡಿಸಿ, ಹೊಸ ಪತ್ರದಲ್ಲಿ ಅಡಿ ಲೆಕ್ಕ ಸೇರಿಸಬೇಕು. ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) 2004ರ ಏಪ್ರಿಲ್ 1ರಿಂದ ಈಚೆಯದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ರಿಜಿಸ್ಟರುಗಳನ್ನು ಹುಡುಕಿಸಬೇಕು. ಅದಕ್ಕೇ ಎರಡು ತಿಂಗಳು.

ಇನ್ನು ವಾರಸುದಾರರು. ಖಾತೆ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು. ಅವರು ಉಯಿಲು ಬರೆಯದೆ 1969ರಲ್ಲಿ ತೀರಿಕೊಂಡವರು. ಅವರ ಹೆಂಡತಿ ಮೊದಲೇ ಹೋಗಿದ್ದರು. ಮಕ್ಕಳು ಮೂವರು: ಅಜ್ಜಿಯ ಗಂಡ, ಇಬ್ಬರು ಹೆಣ್ಣುಮಕ್ಕಳು. ಬ್ರೋಕರ್ ಹೇಳಿದ್ದು, ‘ಅಜ್ಜಿ, ಅವರ ಮಕ್ಕಳು ಸಹಿ ಮಾಡಿದ್ರೆ ಸಾಕು. ಮದುವೆಯಾಗಿ ಹೋದವರು ಯಾರೂ ಕೇಳಲ್ಲ. ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದೇ 2005ರಲ್ಲಿ.’

ನಮ್ಮ ವಕೀಲರು ಈ ಮಾತನ್ನು ಅಲ್ಲೇ ತಡೆದರು. 2005ರ ತಿದ್ದುಪಡಿ ಪಿತ್ರಾರ್ಜಿತದ ಮಾತು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ಉಯಿಲಿಲ್ಲದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗನಿಗೂ ಮಗಳಿಗೂ ಸಮಪಾಲು. ಆ ಕಾಯ್ದೆಯ 23ನೇ ಸೆಕ್ಷನ್ ಒಂದು ತಡೆ ಹಾಕಿತ್ತು. ಕುಟುಂಬ ವಾಸವಿರುವ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಹಕ್ಕಿತ್ತು, ಕೇಳಲು ಬಾಯಿ ಇರಲಿಲ್ಲ. 2005ರಲ್ಲಿ ಆ ಸೆಕ್ಷನ್ನನ್ನು ತೆಗೆದುಹಾಕಿದರು. ನಮ್ಮ ಊರಿನ ಎಷ್ಟೋ ತೊಟ್ಟಿಮನೆಗಳಲ್ಲಿ ಕೂತಿರುವ ತಕರಾರಿಗೆ ಬೇರು ಇಲ್ಲಿದೆ.

ವಕೀಲರ ಮೇಜಿನ ಮೇಲೆ ವಂಶವೃಕ್ಷ ಹರಡಿಕೊಂಡು ಪಾಲಿನ ಲೆಕ್ಕ ನಾನೇ ಹಾಕಿದೆ. ಮೂರು ಮಕ್ಕಳಿಗೆ ಮೂರನೇ ಒಂದು. ಹಿರಿಯ ಮಗಳೂ ಅವರ ಯಜಮಾನರೂ ಇಲ್ಲ, ಅವರ ಮೂವರು ಮಕ್ಕಳಿಗೆ ತಲಾ ಒಂಬತ್ತನೇ ಒಂದು. ಕಿರಿಯ ಮಗಳು ಶಿವಮೊಗ್ಗದಲ್ಲಿದ್ದಾರೆ, ಅವರಿಗೆ ಮೂರನೇ ಒಂದು. ಅಜ್ಜಿಯ ಗಂಡ 1998ರಲ್ಲಿ ತೀರಿಕೊಂಡಿದ್ದರಿಂದ ಅವರ ಪಾಲು ಅಜ್ಜಿಗೂ ಮೂವರು ಮಕ್ಕಳಿಗೂ ಹಂಚಿ ಹೋಗಿ ತಲಾ ಹನ್ನೆರಡನೇ ಒಂದು. ಹತ್ತೊಂಬತ್ತನೇ ವಯಸ್ಸಿಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಆ ಮನೆಯ ಹೊಸ್ತಿಲಿಗೆ ರಂಗೋಲಿ ಹಾಕಿದವರಿಗೆ, ಹನ್ನೆರಡು ಅಂಕಣದಲ್ಲಿ ಒಂದು ಅಂಕಣ. ಕೂಡಿದಾಗ ಲೆಕ್ಕ ಸರಿಯಾಗಿಯೇ ಒಂದಕ್ಕೆ ಬಂತು. ಬರೆದ ಕೈ ಮಾತ್ರ ಸ್ವಲ್ಪ ಹೊತ್ತು ಹಾಗೇ ನಿಂತಿತು.

ಆ ಶಿವಮೊಗ್ಗದ ನಾದಿನಿಯನ್ನು ನೋಡಲು ವಕೀಲರ ಜೊತೆ ನಾನೂ ಹೋಗಿದ್ದೆ. ಜಗಳವಾಗುತ್ತದೆಂದು ಎಲ್ಲರೂ ಹೆದರಿಸಿದ್ದರು. ಅವರು ಕಾಫಿ ಕೊಟ್ಟು, ಕಾಗದಗಳನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ, ‘ನನಗೆ ಸೇರಬೇಕಾದ್ದು ಮೂರರಲ್ಲಿ ಒಂದು ಅಂತ ಬರೀರಿ, ಅದು ಬರೆದಿರಲಿ. ಅದರಲ್ಲಿ ಅರ್ಧ ನಮ್ಮ ಅತ್ತಿಗೆಗೆ ಅಂತಲೂ ಬರೀರಿ. ನಮ್ಮಮ್ಮ ಇಲ್ಲದ ಮನೆಗೆ ನಾನು ಬಾಣಂತನಕ್ಕೆ ಹೋದಾಗ ನೋಡಿಕೊಂಡವಳು ಅವಳು’ ಎಂದರು. ಎಪ್ಪತ್ತೊಂಬತ್ತು ವರ್ಷದ ಹೆಂಗಸು. ಅವರ ಹಕ್ಕನ್ನು ಮುಚ್ಚಿಟ್ಟು ಅಜ್ಜಿಯ ಸಹಿ ಮಾತ್ರ ಹಾಕಿಸಿದ್ದರೆ ಈ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಎಂಟು ಜನ ಮಾರುವವರಲ್ಲಿ ಒಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ. ಅವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಕಳಿಸಿದ ಅಧಿಕಾರಪತ್ರಕ್ಕೆ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿ, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಊರ್ಜಿತ ಮಾಡಿಸಬೇಕು. ಮಾರುವವರಿಗೆ ಕೊಡುವ ಹಣದಲ್ಲಿ ಆದಾಯ ತೆರಿಗೆ ಮುರಿದುಕೊಳ್ಳುವುದೂ ಕೊಳ್ಳುವವರ ಹೊಣೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಇಲ್ಲಿರುವವರಿಗೆ ಶೇ. 1. ಪ್ರತಿ ಮಾರುವವರಿಗೂ ಪ್ರತಿ ಕೊಳ್ಳುವವರಿಗೂ ಬೇರೆ ಬೇರೆ ಅರ್ಜಿ, ನಾವು ಇಬ್ಬರು ಅವರು ಏಳು, ಹದಿನಾಲ್ಕು ಅರ್ಜಿ. ಅನಿವಾಸಿಯವರದ್ದು ಬೇರೆ ಸೆಕ್ಷನ್, ಬೇರೆ ದರ, ಅದಕ್ಕೆ ನಾವು ಟ್ಯಾನ್ (ತೆರಿಗೆ ಮುರಿಯುವವರ ಖಾತೆ ಸಂಖ್ಯೆ) ಪಡೆಯಬೇಕಾಯಿತು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟೆವು, ಯಾರೂ ತಕರಾರು ತರಲಿಲ್ಲ.

ಬ್ಯಾಂಕಿನ ವಿಷಯದಲ್ಲಿ ನನಗೆ ಇವತ್ತಿಗೂ ನೋವಿದೆ. ಮೊದಲು ಹೋದ ಬ್ಯಾಂಕಿನ ಅಂದಾಜುದಾರರು ಬರೆದುಕೊಟ್ಟದ್ದು: ಭೂಮಿಯ ಬೆಲೆ ಇಷ್ಟು, ಕಟ್ಟಡದ ಬೆಲೆ ಶೂನ್ಯ. ಶೂನ್ಯ ಬೆಲೆಯ ಕಟ್ಟಡಕ್ಕೆ ಮನೆ ಸಾಲವಿಲ್ಲ. ಕೆಡವಿ ಹೊಸ ನಕ್ಷೆ ಮಂಜೂರು ಮಾಡಿಸಿಕೊಂಡು ಬಂದರೆ ಮರುವಾರವೇ ಸಾಲ ಕೊಡುತ್ತೇವೆ ಎಂದರು. ತೇಗದ ತೊಲೆ, ಹದಿನೆಂಟು ಇಂಚಿನ ಗೋಡೆ, ಬಾವಿ, ಕೆತ್ತಿದ ಬೋದಿಗೆ, ಎಲ್ಲ ಸೇರಿ ಶೂನ್ಯ. ಎರಡನೇ ಬ್ಯಾಂಕು, ಕಟ್ಟಡ ಇನ್ನು ಎಷ್ಟು ವರ್ಷ ಬಾಳುತ್ತದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ವರದಿ ಕೇಳಿತು. ಅದನ್ನು ಕೊಟ್ಟ ಮೇಲೆ, ಕೇಳಿದ್ದಕ್ಕಿಂತ ಕಡಿಮೆಯಾದರೂ ಸಾಲ ಮಂಜೂರಾಯಿತು. ಉಳಿದದ್ದಕ್ಕೆ ನನ್ನ ಬಳೆ, ನಮ್ಮವರ ಪಿಎಫ್.

2022ರ ಆಗಸ್ಟಿನಲ್ಲಿ ನೋಂದಣಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ 5.6, ನೋಂದಣಿ ಶುಲ್ಕ 1. ಒಟ್ಟು 6.6. ಈಗ ಕೊಳ್ಳುವವರು ಇನ್ನೊಂದು ಸೇರಿಸಿಕೊಳ್ಳಿ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 2 ಆಗಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ಮುಖ ಕೊಟ್ಟು, ಹೊರಗೆ ಬಂದು ಸೆರಗಿನಿಂದ ಕೀ ಬಿಚ್ಚಿಕೊಟ್ಟರು. ‘ಬಾಗಿಲನ್ನ ಸ್ವಲ್ಪ ಎತ್ತಿ ತಳ್ಳಬೇಕು. ಮಳೆಗಾಲದಲ್ಲಿ ಹಿಡಿಯತ್ತೆ’ ಎಂದರು.

ದುರಸ್ತಿಗೆ ಮೇಸ್ತ್ರಿ ಸಿಕ್ಕಿದ್ದು ಪುಣ್ಯ. ಶ್ರೀರಂಗಪಟ್ಟಣದ ಕಡೆಯವರು, ಅರವತ್ತು ದಾಟಿದವರು, ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಕೆಲಸ ಮಾಡಿದವರು. ಮೊದಲ ದಿನ ಬಂದವರೇ ಗೋಡೆಗೆ ಅಂಗೈ ಒತ್ತಿ ನಿಂತರು. ‘ಅಮ್ಮಾವ್ರೆ, ಈ ಗ್ವಾಡೆಗೆ ಉಸಿರು ಕಟ್ಟದೆ. ಸಿಮೆಂಟು ಮೆತ್ಬುಟ್ಟವ್ರೆ. ಒಳಗೆ ನೀರು ಕುಂತದೆ, ಎತ್ತಾಗೆ ಹೋಗಬೇಕು ಅದು?’

ಹತ್ತಿಪ್ಪತ್ತು ವರ್ಷಗಳ ಹಿಂದೆ ಯಾರೋ ಉದುರುತ್ತಿದ್ದ ಗಾರೆಯ ಮೇಲೆ ಸಿಮೆಂಟು ಪ್ಲಾಸ್ಟರಿಂಗ್ ಮಾಡಿಸಿದ್ದರು, ಒಳ್ಳೆಯದಾಗಲಿ ಎಂದೇ. ಸುಣ್ಣದ ಗೋಡೆಗೆ ನೆಲದಿಂದ ಏರುವ ತೇವ ಮೈಯೆಲ್ಲಾ ಹರಡಿ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆಗ ನೀರು ಇನ್ನೂ ಮೇಲೆ ಹತ್ತಿ, ಜೊತೆಗೆ ತಂದ ಉಪ್ಪನ್ನು ಇಟ್ಟಿಗೆಯಲ್ಲಿ ಬಿಟ್ಟು, ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಮೇಸ್ತ್ರಿ ಉಳಿಯನ್ನು ಅಂಚಿಗೆ ಕೊಟ್ಟು ಎರಡು ಏಟು ಹಾಕಿದರು. ಚಪಾತಿ ಹಂಚಿನಿಂದ ಎದ್ದ ಹಾಗೆ ಎರಡಡಿ ಅಗಲದ ಸಿಮೆಂಟು ಹಾಳೆ ಒಂದೇ ಸಲಕ್ಕೆ ಕಳಚಿ ಬಿತ್ತು. ಅದರ ಹಿಂದಿನ ಗೋಡೆ ಕೆಸರಿನ ಬಣ್ಣದ್ದು, ಮಳೆಯಲ್ಲಿ ನೆನೆದ ಮಡಕೆಯ ವಾಸನೆ. ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಆ ಸಿಮೆಂಟನ್ನೆಲ್ಲ ಕಿತ್ತು ಮೂರು ಟ್ರ್ಯಾಕ್ಟರ್ ಹೊರಗೆ ಹಾಕಿದೆವು. ಆಮೇಲೆ ಎರಡು ತಿಂಗಳು ಏನೂ ಮಾಡದೆ ಗೋಡೆ ಆರಲು ಬಿಟ್ಟೆವು. ಪಕ್ಕದ ಮನೆಯವರನ್ನು ಕೇಳಿಕೊಂಡು ಆ ಒಂದು ಗೇಣು ಸಂದಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ, ಮಳೆ ನೀರು ಹರಿದುಹೋಗಲು, ತಗಡಿನ ದೋಣಿ ಕೂರಿಸಿದೆವು. ಇಡೀ ದುರಸ್ತಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಅದು, ಮನೆಯನ್ನು ಉಳಿಸಿದ್ದೂ ಅದೇ.

ಹಿತ್ತಲಿನಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಗುಂಡಿ ತೋಡಿದರು. ಸುಟ್ಟ ಸುಣ್ಣದ ಕಲ್ಲುಗಳನ್ನು ನೀರಿಗೆ ಹಾಕುವ ದಿನ ಮೇಸ್ತ್ರಿ ನಮ್ಮನ್ನೆಲ್ಲ ಬಾಗಿಲಾಚೆ ಕಳಿಸಿದರು. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ. ಕಲ್ಲು ನೀರು ಮುಟ್ಟಿದ್ದೇ ತಡ ಗುಂಡಿ ಅನ್ನದ ಹಂಡೆಯಂತೆ ಕೊತಕೊತ ಕುದಿಯಿತು, ಹಬೆ ಸೂರಿನವರೆಗೆ. ಅರಳಿದ ಸುಣ್ಣವನ್ನು ನೀರಿನಲ್ಲಿ ಮುಳುಗಿಸಿ ಒಂದು ತಿಂಗಳು ಬಿಟ್ಟರು. ತೆಗೆದಾಗ ಆಗ ತಾನೇ ಕಡೆದ ಬೆಣ್ಣೆ. ಅದಕ್ಕೆ ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿಯನ್ನು ಡ್ರಮ್ಮಿನಲ್ಲಿ ನೆನೆಹಾಕಿ ಹುಳಿ ಬಂದ ನೀರಿನಿಂದ ಕಲಸಬೇಕು. ಕರಣೆಯಲ್ಲಿ ಗಾರೆ ತೆಗೆದು ತಲೆಕೆಳಗು ಮಾಡಿ, ಬೀಳದಿದ್ದರೆ ಹದ. ಇದು ಸಿಮೆಂಟಿನಂತೆ ಮಾರನೇ ದಿನಕ್ಕೆ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಅವಸರವಿಲ್ಲ, ಮಾಡಿಸುವವರಿಗೂ ಇರಬಾರದು.

ನನಗೆ ಒಂದು ಸಲ ಅವಸರವಾಯಿತು. ಮಗಳ ಪರೀಕ್ಷೆಗೆ ಮೊದಲು ಒಂದು ಕೋಣೆಯಾದರೂ ಮುಗಿಯಲಿ ಎಂದು, ಮೇಸ್ತ್ರಿ ಊರಿಗೆ ಹೋಗಿದ್ದ ವಾರ ಬೇರೆ ಕೆಲಸದವರನ್ನು ಕರೆದು ಹೊಸ ಗಾರೆಯ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಹೊಡೆಸಿಬಿಟ್ಟೆ. ಮೂರೇ ವಾರಕ್ಕೆ ಬಣ್ಣ ಬೊಕ್ಕೆಗಳಂತೆ ಎದ್ದಿತು. ಪೂರ್ತಿ ಕೆರೆಸಿ, ಸುಣ್ಣದ್ದೇ ಬಣ್ಣ ಮೂರು ಕೈ ಹೊಡೆಸಬೇಕಾಯಿತು. ಮೇಸ್ತ್ರಿ ಬೈಯಲಿಲ್ಲ. ಸುಮ್ಮನೆ ಆ ಗೋಡೆಯನ್ನು ತಾವೇ ಕೆರೆದರು, ಹುಡುಗರ ಕೈಗೆ ಕೊಡಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ತೊಲೆಗಳ ಕೆಲಸಕ್ಕೆ ಆರ್ಕಿಟೆಕ್ಟ್ ದಿನವೂ ಬಂದು ನಿಂತರು. ಕೆಳಗೆ ಜಾಕಿ ಕೊಟ್ಟು ತಾರಸಿಯ ಭಾರವನ್ನು ಕೂದಲೆಳೆಯಷ್ಟೇ ಎತ್ತಿ, ಕೊಳೆತ ತುದಿಯನ್ನು ಕತ್ತರಿಸಿ, ಹಳೆಯ ಮರದ ಅಂಗಡಿಯಿಂದ ತಂದ ತೇಗದ ತುಂಡನ್ನು ಕಚ್ಚು ಹೊಡೆದು ಕೂಡಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದರು. ಗೋಡೆಯೊಳಗೆ ತುದಿಯ ಸುತ್ತ ಎರಡು ಬೆರಳು ಗಾಳಿಯಾಡುವಷ್ಟು ಸಂದು ಬಿಟ್ಟರು. ಒಂದು ಕೋಣೆಯ ತಾರಸಿಯನ್ನು ಮಾತ್ರ ಪೂರ್ತಿ ತೆಗೆದು ಹೊಸದಾಗಿ ಮಾಡಬೇಕಾಯಿತು. ಜಂತೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಓರೆ ಸಾಲಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟುತ್ತಾರೆ. ಕೆಳಗೆ ಹಲಗೆಯ ಆಸರೆಯೇ ಇಲ್ಲ. ಪ್ರತಿ ಇಟ್ಟಿಗೆಯೂ ಪಕ್ಕದ್ದನ್ನು ಕಚ್ಚಿಕೊಂಡು ನಿಲ್ಲುತ್ತದೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಆರು ಜನ ಹೆಂಗಸರು ಕುಕ್ಕರಗಾಲಿನಲ್ಲಿ ಸಾಲಾಗಿ ಕೂತು ಐದು ದಿನ ಮರದ ಕೊಡತಿಯಿಂದ ಬಡಿದರು, ಬೆಲ್ಲದ ನೀರು ಚಿಮುಕಿಸುತ್ತಾ. ಮೊದಲ ದಿನ ಮಣ್ಣಿನ ಮೇಲೆ ಬಡಿದಂತೆ ಸಪ್ಪಳ. ಐದನೇ ದಿನ ಕೊಡತಿ ತಾನೇ ಮೇಲಕ್ಕೆ ಪುಟಿಯಿತು, ಸದ್ದಿಗೆ ಕಂಚಿನ ಧ್ವನಿ ಬಂತು. ‘ಸಾಕು’ ಎಂದರು ಮೇಸ್ತ್ರಿ. ಅವರಲ್ಲಿ ಹಿರಿಯವರು, ‘ನಮ್ಮತ್ತೆ ಕಾಲದಾಗೆ ಬಡಿದಿದ್ದು ಕಣವ್ವ, ನಾನು ಬಡಿದು ಇಪ್ಪತ್ತು ವರ್ಸ ಆಗಿತ್ತು’ ಎಂದು ಕೈ ತೋರಿಸಿದರು. ಅಂಗೈ ತುಂಬ ಬೊಬ್ಬೆ. ಆ ಕೆಲಸಕ್ಕೆ ಕೇಳಿದಷ್ಟು ಕೂಲಿ ಕೊಟ್ಟೆವು, ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ.

ಹೆಂಚಿನ ಕಡೆ ಅಷ್ಟು ತೊಂದರೆಯಿರಲಿಲ್ಲ. ಒಂಬೈನೂರು ಹೆಂಚು ಇಳಿಸಿ, ತೊಳೆದು, ಒಡೆದ ನೂರಿಪ್ಪತ್ತಕ್ಕೆ ಬದಲು ಹಳೆಯ ಹೆಂಚನ್ನೇ ಹುಡುಕಿ ತಂದೆವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಸುಬು ನಮ್ಮ ನಾಡಹೆಂಚನ್ನು ಸರಿಸಿ ಹೀಗೆ ಮೈಸೂರಿನ ಸೂರುಗಳಿಗೆ ಬಂದದ್ದು. ರೀಪುಗಳನ್ನೆಲ್ಲ ಹೊಸದು ಹಾಕಿದೆವು. ಬಚ್ಚಲು, ಶೌಚಾಲಯಗಳನ್ನು ಹಳೆಯ ಗೋಡೆಗೆ ತಾಗದಂತೆ ಹಿತ್ತಲಿನ ಕಡೆ ಬೇರೆಯಾಗಿಯೇ ಕಟ್ಟಿಸಿದೆವು, ಅದಕ್ಕೆ ಸಿಮೆಂಟೇ.

ಖರ್ಚು ಕೇಳುವವರು ಬಹಳ. ನಮಗೆ ದುರಸ್ತಿ ಚದರಡಿಗೆ ಸುಮಾರು 1,900 ರೂಪಾಯಿ ಬಿತ್ತು. ಅದೇ ವರ್ಷ ಹೊಸ ಮನೆಗೆ ಗುತ್ತಿಗೆದಾರರು 2,000ದ ಆಸುಪಾಸು ಹೇಳುತ್ತಿದ್ದರು. ಅಂದರೆ ಅಗ್ಗವೇನಲ್ಲ. ಹದಿನಾಲ್ಕು ತಿಂಗಳು ಬಾಡಿಗೆ ಮನೆಯ ಖರ್ಚು ಬೇರೆ. ವ್ಯತ್ಯಾಸ ಇರುವುದು ಹಣ ಹೋಗುವ ದಾರಿಯಲ್ಲಿ. ನಮ್ಮ ಖರ್ಚಿನ ಮುಕ್ಕಾಲು ಭಾಗ ಕೈಗಳಿಗೆ ಹೋಯಿತು.

ತೊಟ್ಟಿಯ ಮೇಲಿನ ಫೈಬರ್ ಶೀಟನ್ನು ಕೊನೆಯಲ್ಲಿ ತೆಗೆದೆವು. ಮಳೆ ಬಂದರೆ ನೀರು ಎಲ್ಲಿಗೆ ಹೋಗಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ. ‘ತುಳಸಿ ಕಟ್ಟೆ ಹಿಂದೆ ಒಂದು ಕಲ್ಲು ಅಲ್ಲಾಡತ್ತೆ ನೋಡು’ ಎಂದರು. ಎತ್ತಿದರೆ ಕೆಳಗೆ ಕಲ್ಲಿನ ಕಾಲುವೆ, ಪಡಸಾಲೆಯ ನೆಲದಡಿ ಹಾದು ಬೀದಿಗೆ. ತುಂಬ ಮಣ್ಣು, ಗೋಲಿ, ಪೂಜೆಗೆ ಬಳಸುವ ಒಂದು ತಾಮ್ರದ ಉದ್ಧರಣೆ. ಬಿದಿರು ಗಳಕ್ಕೆ ಗೋಣಿ ಕಟ್ಟಿ ಎರಡು ದಿನ ತಳ್ಳಿದರು. ಬಾವಿಯಿಂದ ಸೇದಿ ಹತ್ತು ಬಿಂದಿಗೆ ಸುರಿದೆವು. ಏನೂ ಇಲ್ಲ. ಹನ್ನೊಂದನೆಯದಕ್ಕೆ, ಬೀದಿಯಲ್ಲಿ ನಿಂತಿದ್ದ ಮಗಳು ‘ಅಮ್ಮಾ, ಬಂತು!’ ಎಂದು ಕೂಗಿದಳು. ಉದ್ಧರಣೆಯನ್ನು ಅಜ್ಜಿಗೆ ತಲುಪಿಸಿದೆ. ಅದನ್ನು ಕಳೆದುಕೊಂಡದ್ದಕ್ಕೆ ಅತ್ತೆಯಿಲ್ಲದ ಆ ಮನೆಯಲ್ಲಿ ಮಾವನವರಿಂದ ಬೈಸಿಕೊಂಡಿದ್ದರಂತೆ.

2023ರ ದಸರೆಗೆ ಒಳಗೆ ಬಂದೆವು. ಉತ್ತರದ ಗೋಡೆ ಇನ್ನೂ ಪೂರ್ತಿ ಆರಿಲ್ಲ. ಇಟ್ಟಿಗೆಯೊಳಗಿನ ಉಪ್ಪು ಈಗಲೂ ಬಿಳಿಯ ಹಿಟ್ಟಿನಂತೆ ಹೊರಗೆ ಬರುತ್ತದೆ. ನೀರು ಹಾಕಿ ಒರೆಸಬಾರದು, ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಹಾಕಬೇಕು ಎಂದು ಮೇಸ್ತ್ರಿ ಹೇಳಿಹೋಗಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಪುಡಿಯ ಹಳೆಯ ಸ್ಟೀಲ್ ಡಬ್ಬಿ ಹಿಡಿದು ಗುಡಿಸುತ್ತೇನೆ. ಮೊದಲ ವರ್ಷ ವಾರಕ್ಕೆ ಅರ್ಧ ಡಬ್ಬಿ ಆಗುತ್ತಿತ್ತು. ಈಗ ತಳ ಮುಚ್ಚುವಷ್ಟು. ಆ ಗೋಡೆಗೆ ಬಣ್ಣ ಇನ್ನೂ ಹೊಡೆಸಿಲ್ಲ. ಮುಂದಿನ ಬೇಸಿಗೆಗೆ ಬಂದು ಅಂಗೈ ಇಟ್ಟು ನೋಡಿ ಹೇಳುತ್ತೇನೆ ಎಂದಿದ್ದಾರೆ ಮೇಸ್ತ್ರಿ.